ಕಾವಲಿಗೊಂದು ಕಾವಲು

ಚಳ್ಳಕೆರೆಯಲ್ಲಿ ಸಂಜೆಯ ಹೊತ್ತು ಬಸ್ಸಿಗಾಗಿ ಕಾಯಬೇಕಾಗಿ ಬಂದವನು ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯ ಮುಂದೆ ನಿಲ್ಲದೆ ಹೋದನೆಂದರೆ ಆತನಿಗೆ ಹೊಟ್ಟೆಬೇನೆ ಇರಬೇಕು, ಇಲ್ಲವೆ ಅಂದು ಏಕಾದಶಿಯಾಗಿರಬೇಕು. ಶೇಂಗಾ ಎಣ್ಣೆಯ ಮಿಲ್ಲುಗಳಿಂದ ಹೆಸರಾದ ಊರು ಅದು. ಅಲ್ಲಿಯ ಬಾಣಲೆಗೆ ಎಣ್ಣೆಯ ಬಡತನವಿಲ್ಲ. ಕೆಲವು ವರ್ಷಗಳ ಕೆಳಗೆ ಹಾಗೆ ನಿಂತು ತಿನ್ನುತ್ತಿದ್ದಾಗ, ಮೆಣಸಿನಕಾಯಿ ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯ ಚೂರಿನ ಮೇಲೆ ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’ ಎಂಬ ದಪ್ಪಕ್ಷರದ ತಲೆಬರಹ ನನ್ನ ಕಣ್ಣಿಗೆ ಬಿದ್ದಿತು. ಯಾವುದೋ ಉದ್ಯಮ, ಯಾವುದೋ ಗ್ರಾಮದ ಸರ್ವೆ ನಂಬರುಗಳು, ಇಂಥ ದಿನ ಇಂಥ ಕಡೆ ಸಭೆ ಸೇರುವುದು, ಆಕ್ಷೇಪಣೆಯಿದ್ದವರು ಲಿಖಿತವಾಗಿಯಾಗಲಿ ಮೌಖಿಕವಾಗಿಯಾಗಲಿ ಸಲ್ಲಿಸತಕ್ಕದ್ದು ಎಂದು ಸರ್ಕಾರಿ ಕನ್ನಡದಲ್ಲಿ ಅಚ್ಚಾಗಿದ್ದಿತು. ಆ ದಿನ ಕಳೆದು ನಾಲ್ಕು ತಿಂಗಳಾಗಿತ್ತು. ಕಾಗದವು ಎಣ್ಣೆಯನ್ನು ಹೀರಿ, ಬೆಳಕಿಗೆ ಹಿಡಿದರೆ ಎರಡು ಮಗ್ಗುಲಿನ ಅಕ್ಷರಗಳೂ ಒಂದರೊಳಗೊಂದು ಕಾಣುವಂತಾಗಿತ್ತು; ಪಾರದರ್ಶಕತೆ ಎಂದು ಭಾಷಣಗಳಲ್ಲಿ ಕೇಳಿಬರುವ ಶಬ್ದಕ್ಕೆ ಇಷ್ಟು ಯಥಾರ್ಥವಾದ ದೃಷ್ಟಾಂತವನ್ನು ನಾನು ಬೇರೆಲ್ಲಿಯೂ ಕಂಡವನಲ್ಲ. “ಇದು ಯಾವ ಊರಿನ ಸಭೆಯಪ್ಪ?” ಎಂದು ಅಂಗಡಿಯವನನ್ನು ಕೇಳಿದೆ. “ರದ್ದಿ ಪೇಪರ್ ಸಾರ್, ಕೇಜಿ ಲೆಕ್ಕದಾಗೆ ತರ್ತೀವಿ” ಎಂದು ಆತ ಜಾಲರಿಯ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದ.

ಆ ಕಾಗದವನ್ನು ನಾನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಜೇಬು ಕೆಟ್ಟಿತು, ಆದರೆ ವಿಚಾರವೊಂದು ತಲೆಗೆ ಹತ್ತಿತು. ಕಟ್ಟಿದ ಮೇಲೆ ಕೆಡಹಲು ಬಾರದಂಥ ದೊಡ್ಡ ಸ್ಥಾವರಗಳನ್ನು ಕಟ್ಟಲು ಹೊರಟವರ ಮೇಲೆ ಸರ್ಕಾರವು ಯಾವಾಗ ಕಣ್ಣಿಡಬೇಕು, ಯಾರ ಮಾತನ್ನು ಕೇಳಬೇಕು, ಮತ್ತು ಕಟ್ಟುವವನೂ ಸರ್ಕಾರವೇ ಆಗಿದ್ದಾಗ ಆ ಕಣ್ಣು ಯಾರದಾಗಿರಬೇಕು ಎಂಬುದೇ ಆ ವಿಚಾರ.

ಈ ವಿಚಾರವನ್ನು ಲೋಕದಲ್ಲಿ ಹೆಚ್ಚು ಚರ್ಚೆಗೆ ತಂದಿರುವ ವಸ್ತುಗಳಲ್ಲಿ ಒಂದು, ಸಮುದ್ರವನ್ನೇ ಕಾಣದ ನಮ್ಮ ಬಯಲುಸೀಮೆಗೆ ಸಂಬಂಧವೇ ಇಲ್ಲದ್ದೆಂದು ತೋರುವ, ದ್ರವೀಕೃತ ನೈಸರ್ಗಿಕ ಅನಿಲದ ಆಮದು ನಿಲ್ದಾಣ. ನೆಲದೊಳಗಿಂದ ಬರುವ ಅನಿಲವನ್ನು ಸೊನ್ನೆಗಿಂತ ಕೆಳಗೆ 162 ಡಿಗ್ರಿ ಸೆಲ್ಸಿಯಸ್ಸಿನವರೆಗೆ ತಣಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. 600 ಕೊಡಗಳಲ್ಲಿ ಹಿಡಿಯುತ್ತಿದ್ದುದು ಒಂದು ಕೊಡದಲ್ಲಿ ಹಿಡಿಯುತ್ತದೆ. ಹಾಗೆ ಕುಗ್ಗಿಸಿದ್ದನ್ನು ಹಡಗಿಗೆ ತುಂಬಿ, ಕಡಲು ದಾಟಿಸಿ, ಇತ್ತಕಡೆಯ ದಡದಲ್ಲಿ ದೊಡ್ಡ ತೊಟ್ಟಿಗಳಿಗೆ ಇಳಿಸಿ, ಮತ್ತೆ ಬಿಸಿ ತಾಗಿಸಿ ಅನಿಲವಾಗಿಸಿ, ಕೊಳವೆಯ ಮೂಲಕ ಒಳನಾಡಿಗೆ ತಳ್ಳುತ್ತಾರೆ. ನಮ್ಮ ದೇಶವು ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಹಡಗಿನಲ್ಲಿ ಬಂದದ್ದು. ಮಹಾರಾಷ್ಟ್ರದ ದಾಭೋಳದ ನಿಲ್ದಾಣಕ್ಕೆ ಹೊಂದಿಸಿ ಗೇಲ್ ಸಂಸ್ಥೆಯು ಬೆಂಗಳೂರಿನವರೆಗೆ ಹಾಸಿದ, 2013ರಲ್ಲಿ ಚಾಲನೆಗೊಂಡ ಸುಮಾರು 1,000 ಕಿಲೋಮೀಟರ್ ಉದ್ದದ ಕೊಳವೆಮಾರ್ಗವು ಬೆಳಗಾವಿ, ಧಾರವಾಡ, ದಾವಣಗೆರೆಗಳನ್ನು ಹಾದು ನಮ್ಮ ಚಿತ್ರದುರ್ಗ ಜಿಲ್ಲೆಯ ಮಣ್ಣಿನ ಕೆಳಗೇ ಸಾಗುತ್ತದೆ. ಹೊಲದ ಬದುವಿನಲ್ಲಿ, ಮನೆದೇವರ ಕಲ್ಲಿನ ಪಕ್ಕದಲ್ಲಿ, ‘ಇಲ್ಲಿ ಅಗೆಯಬಾರದು’ ಎಂದು ಹೇಳುತ್ತ ನಿಂತಿರುವ ಗುರುತುಗಂಬಗಳನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಅರಬ್ಬೀ ಸಮುದ್ರದ ವ್ಯಾಪಾರವು ಈ ರೀತಿ ಬಯಲುಸೀಮೆಯ ಕಾಲಡಿಯಲ್ಲಿ ಹರಿಯುತ್ತಿದೆ.

ಇಂಥ ನಿಲ್ದಾಣಗಳ ಮೇಲೆ ಸರ್ಕಾರಗಳು ಕಣ್ಣಿಡಲು ಕಲಿತದ್ದು ಪುಸ್ತಕ ಓದಿ ಅಲ್ಲ, ಹೆಣಗಳನ್ನು ಎಣಿಸಿ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಯುದ್ಧದ ನಡುವೆ, 1944ರ ಅಕ್ಟೋಬರ್ 20ರಂದು, ದ್ರವಾನಿಲದ ಒಂದು ತೊಟ್ಟಿ ಬಿರಿಯಿತು. ಅತಿಶೀತದಲ್ಲಿ ಪೆಡಸಾಗದಂತೆ ಉಕ್ಕಿಗೆ ಸೇರಿಸಬೇಕಾದ ನಿಕಲ್ ಲೋಹವು ಆ ತೊಟ್ಟಿಯ ಉಕ್ಕಿನಲ್ಲಿ ಸಾಲದಾಗಿತ್ತು. ಸೋರಿದ ಆವಿಯು ಬೀದಿಯ ಚರಂಡಿಗಳಲ್ಲಿ ಹರಿದು ಮನೆಗಳ ನೆಲಮಾಳಿಗೆಗಳನ್ನು ಹೊಕ್ಕು ಹತ್ತಿಕೊಂಡಿತು; 130 ಮಂದಿ ಸತ್ತರು. ತೊಟ್ಟಿಯಿದ್ದುದು ಜನವಸತಿಯ ಮಗ್ಗುಲಲ್ಲಿ. ಅಲ್ಲಿ ಅದನ್ನು ಕಟ್ಟಬಾರದೆಂದು ಮೊದಲೇ ಹೇಳಬಲ್ಲ ಅಧಿಕಾರಿಯೊಬ್ಬನು ಇರಲಿಲ್ಲ ಎಂಬುದೇ ಅದರ ನಿಜವಾದ ಕಥೆ. ಆ ಬಳಿಕ ಅನೇಕ ವರ್ಷಗಳ ಕಾಲ ಆ ದೇಶದಲ್ಲಿ ಆ ಉದ್ಯಮವೇ ತಲೆಯೆತ್ತಲಿಲ್ಲ. ಈಗ ಅಲ್ಲಿಯ ಕಾನೂನಿನಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಣ್ಣ ಅಂಶ: ನಿಲ್ದಾಣ ಕಟ್ಟಬಯಸುವವನು ಅರ್ಜಿ ಹಾಕುವುದಕ್ಕೆ ಕನಿಷ್ಠ ಆರು ತಿಂಗಳು ಮುಂಚಿತವಾಗಿಯೇ ಕೇಂದ್ರದ ಇಂಧನ ನಿಯಂತ್ರಣ ಆಯೋಗದ ಮುಂದೆಯೂ ಸ್ಥಳೀಯರ ಮುಂದೆಯೂ ತನ್ನ ಯೋಜನೆಯನ್ನು ಬಿಚ್ಚಿಡಬೇಕೆಂದು 2005ರ ಶಾಸನದಿಂದ ಕಡ್ಡಾಯವಾಯಿತು. ಅಡಿಪಾಯಕ್ಕೂ ಮೊದಲು, ನಕಾಶೆ ಗಟ್ಟಿಯಾಗುವುದಕ್ಕೂ ಮೊದಲು, ಅರ್ಜಿಗೂ ಮೊದಲು! ಆ ಶಾಸನವೇ ರಾಜ್ಯಗಳ ಕೈಯಲ್ಲಿದ್ದ ಎಷ್ಟೋ ಅಧಿಕಾರವನ್ನು ಕೇಂದ್ರದ ಆಯೋಗಕ್ಕೆ ಎಳೆದುಕೊಟ್ಟಿತೆಂಬುದನ್ನು ಮರೆಯತಕ್ಕದ್ದಲ್ಲ. ಅಲ್ಲಿಯದೆಲ್ಲ ಬಂಗಾರವೆಂದು ನಾನು ಹೇಳುತ್ತಿಲ್ಲ.

ನಮ್ಮಲ್ಲಿ ಈ ಕಣ್ಣುಗಳು ಅನೇಕ. ಪರಿಸರ ಪರಿಣಾಮದ ಬಗೆಗೆ 2006ರ ಸೆಪ್ಟೆಂಬರ್ 14ರಂದು ಹೊರಟ ಅಧಿಸೂಚನೆಯು ದ್ರವಾನಿಲ ನಿಲ್ದಾಣಗಳನ್ನು ದೆಹಲಿಯಿಂದಲೇ ಅನುಮತಿ ಪಡೆಯಬೇಕಾದ ಮೊದಲ ದರ್ಜೆಯಲ್ಲಿ ಸೇರಿಸಿದೆ; ಅದೇ ವರ್ಷದ ಶಾಸನದಿಂದ ಹುಟ್ಟಿದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯಲ್ಲಿ ನಿಲ್ದಾಣವು ನೋಂದಣಿಯಾಗಬೇಕು; ತೊಟ್ಟಿಗಳ ಸುರಕ್ಷತೆಯನ್ನು ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆ ನೋಡಬೇಕು; ಕಡಲಂಚಿನ ನಿಯಮ ಬೇರೆ, ಬಂದರಿನ ನಿಯಮ ಬೇರೆ. ಆದರೆ ಕಣ್ಣುಗಳು ಹೆಚ್ಚಾದ ಮಾತ್ರಕ್ಕೆ ನೋಟ ಹೆಚ್ಚಾಗುವುದಿಲ್ಲ. ಕೊಚ್ಚಿಯ ಪುದುವೈಪಿನಲ್ಲಿ ಪೆಟ್ರೋನೆಟ್ ಸಂಸ್ಥೆಯು ವರ್ಷಕ್ಕೆ 50 ಲಕ್ಷ ಟನ್ನಿನ ನಿಲ್ದಾಣವನ್ನು 2013ರಲ್ಲಿ ಮುಗಿಸಿ ಕುಳಿತಿತು. ಅದರಿಂದ ಮಂಗಳೂರಿಗೆ ಬರಬೇಕಾದ 450 ಕಿಲೋಮೀಟರ್ ಕೊಳವೆಯು ಲೋಕಾರ್ಪಣೆಯಾದದ್ದು 2021ರ ಜನವರಿ 5ರಂದು. ನಡುವಣ ಏಳೆಂಟು ವರ್ಷ ಆ ಮಹಾಸ್ಥಾವರವು ತನ್ನ ಶಕ್ತಿಯ ಅಲ್ಪಭಾಗದಲ್ಲಿ ಉಸಿರಾಡಿಕೊಂಡಿದ್ದಿತು. ಒಂದು ಕಣ್ಣು ತೊಟ್ಟಿಯನ್ನು ನೋಡಿತು, ಇನ್ನೊಂದು ಕೊಳವೆಯನ್ನು ನೋಡಿತು, ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಇರಲಿಲ್ಲ. ದಾಭೋಳದಲ್ಲಿಯಂತೂ ಅಲೆತಡೆಯ ಗೋಡೆ ಪೂರ್ತಿಯಾಗುವ ಮೊದಲೇ ನಿಲ್ದಾಣ ನಡೆಯತೊಡಗಿ, ಮಳೆಗಾಲ ಬಂತೆಂದರೆ ಹಡಗುಗಳು ಹತ್ತಿರ ಸುಳಿಯದಂತಾದುವು. ಪೆಟ್ರೋನೆಟ್ ಸಂಸ್ಥೆಯ ಅಧ್ಯಕ್ಷಪೀಠದಲ್ಲಿ ಕೂಡುವವರು ಕೇಂದ್ರದ ಪೆಟ್ರೋಲಿಯಂ ಇಲಾಖೆಯ ಕಾರ್ಯದರ್ಶಿಗಳೇ ಎಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಂಡರೆ ಮುಂದೆ ಪ್ರಯೋಜನವಾದೀತು. ಕರ್ನಾಟಕದ ಕರಾವಳಿಯಲ್ಲಿ ಇಂಥ ನಿಲ್ದಾಣ ಇನ್ನೂ ಎದ್ದಿಲ್ಲ. ಮಂಗಳೂರಿನ ಬಂದರಿಗೆ ತರುವ ಮಾತು 2013ರಲ್ಲೇ ಹುಟ್ಟಿ ಮಾತಾಗಿಯೇ ಉಳಿದಿದೆ. ಆದಕಾರಣ, ಕಟ್ಟುವ ಮುನ್ನ ಕಣ್ಣಿಡುವ ಈ ವಿದ್ಯೆಯು ಕನ್ನಡನಾಡಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತೆಂದು ನೋಡಬೇಕಾದರೆ ಕಡಲನ್ನು ಬಿಟ್ಟು ಚಳ್ಳಕೆರೆಯ ಹುಲ್ಲುಗಾವಲಿಗೇ ಬರಬೇಕು.

ಕಾವಲು ಎಂಬ ಪದ ನಮ್ಮಲ್ಲಿ ಬಹು ವಿಚಿತ್ರವಾದದ್ದು. ಕಾಯುವ ಕೆಲಸಕ್ಕೂ ಅದೇ ಹೆಸರು, ಕಾಯಲ್ಪಡುವ ನೆಲಕ್ಕೂ ಅದೇ ಹೆಸರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆಯು, ಮುಂದೆ ಟಿಪ್ಪೂ ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಹಾಲು ಬೆಣ್ಣೆಯಿಂದ ಮೊದಲಾದದ್ದು ಫಿರಂಗಿಯಲ್ಲಿ ಕೊನೆಗೊಂಡಿತೆನ್ನಬಹುದು; ಹೈದರಾಲಿಯು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಕಾಲಿನ ಬಲದಿಂದಲೇ ಎಂದು ಹಳೆಯ ಗೆಜೆಟಿಯರುಗಳು ಬರೆದಿವೆ. ನೀಳವಾದ ಮೋರೆ, ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಚಿಮ್ಮಿದ ಚೂಪು ಕೋಡು, ಹೊಸಬನನ್ನು ಕಂಡರೆ ಕೆಂಪಾಗುವ ಕಣ್ಣು: ಅಜ್ಜಂಪುರದ ಸರ್ಕಾರಿ ತಳಿಕೇಂದ್ರದಲ್ಲಿ ಈಗಲೂ ಅವನ್ನು ನೋಡಬಹುದು, ಬೇಲಿಯ ಹೊರಗೆ ನಿಂತು ನೋಡುವುದು ಕ್ಷೇಮ. ಈ ದನಗಳು ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಕಾವಲಿನಿಂದ ಕಾವಲಿಗೆ ಸಂಚರಿಸುತ್ತಿದ್ದುವು. ಹುಲ್ಲು ಮತ್ತೆ ಚಿಗುರುವಷ್ಟು ಕಾಲ ನೆಲವನ್ನು ತನ್ನ ಪಾಡಿಗೆ ಬಿಡುವ ಲೆಕ್ಕಾಚಾರ ಅದರಲ್ಲಿದ್ದಿತು.

ಈ ಇಲಾಖೆಯ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಅಧಿಕಾರಸ್ಥರೆಲ್ಲರೂ ಓದಬೇಕೆಂದು ನನ್ನ ಆಸೆ. ಖರ್ಚು ಉಳಿಸಬೇಕೆಂಬ ಬುದ್ಧಿಯಿಂದ ಬ್ರಿಟಿಷ್ ಸರ್ಕಾರವು 1860ರಲ್ಲಿ ಅಮೃತಮಹಲನ್ನು ಒಡೆದು ದನಗಳನ್ನು ಮಾರಿಬಿಟ್ಟಿತು. ಒಂದು ಪಾಲು ಈಜಿಪ್ಟಿನ ಪಾಷಾನ ಕಡೆಗೆ ಹಡಗೇರಿ ಹೋಯಿತು. ಆರು ವರ್ಷ ಕಳೆಯುವಷ್ಟರಲ್ಲಿ ಸೈನ್ಯಕ್ಕೆ ತಕ್ಕ ಎತ್ತು ಸಿಕ್ಕದೆ, 1866ರಲ್ಲಿ ಅದೇ ಸರ್ಕಾರವು ಅಲ್ಲಲ್ಲಿ ಉಳಿದಿದ್ದ ದನಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ದನವಾದ್ದರಿಂದ ಹುಡುಕಿ ತರುವುದಾದರೂ ಸಾಧ್ಯವಾಯಿತು. ಹುಲ್ಲುನೆಲಕ್ಕೆ ಕಾಂಕ್ರೀಟು ಹಾಕಿದ ಮೇಲೆ ಹುಡುಕುವುದೆಲ್ಲಿ?

ಚಳ್ಳಕೆರೆ ತಾಲ್ಲೂಕಿನ ವರವು, ಕುದಾಪುರ, ಉಳ್ಳಾರ್ತಿಗಳ ಸುತ್ತಣ ಕಾವಲುಗಳನ್ನು ಬರಿಯ ಕಣ್ಣಿನಿಂದ ನೋಡಿದವರು ಅವನ್ನು ‘ಬೀಳುಭೂಮಿ’ ಎಂದು ಕರೆಯುವುದು ಸಹಜ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಮೊಳಕಾಲ್ಮುರೂ ಸೇರಿವೆ. ಬೇಸಗೆಯಲ್ಲಿ ಅಲ್ಲಿ ಒಣಗಿದ ಕರಡದ ಹುಲ್ಲು, ಕಾರೆಯ ಪೊದೆ, ಅಲ್ಲೊಂದು ಇಲ್ಲೊಂದು ಜಾಲಿ, ಮಿಕ್ಕದ್ದು ಬರಿಯ ಬೆಳಕು. ಆದರೆ ಆ ಬೀಳಿನ ಮೇಲೆ ನಿಂತಿದ್ದ ಬದುಕುಗಳನ್ನು ಎಣಿಸುತ್ತ ಹೋದರೆ ದಿನ ಸಾಲದು. ಕುರುಬರ ಕುರಿ, ಆ ಕುರಿಯ ಉಣ್ಣೆಯಿಂದ ನೂತ ಕರಿಯ ಕಂಬಳಿ. ಕಾಡುಗೊಲ್ಲರ ಹಟ್ಟಿಯ ಆಡು. ಮ್ಯಾಸಬೇಡರ ‘ದೇವರ ಎತ್ತು’ಗಳು. ಇವು ಹೊಲ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ, ಮಾರಾಟಕ್ಕೂ ಇಲ್ಲ. ಕಿಲಾರಿಯೆಂಬ ಗೋಪಾಲಕನು ಅವನ್ನು ವ್ರತದಂತೆ ಕಾಯುತ್ತಾನೆ, ಜಾತ್ರೆಯ ದಿನ ಅವು ಬಂದು ನಿಂತರೇ ದೇವರು ಬಂದಂತೆ. ಕಂಬಳಿಯ ಮಗ್ಗವನ್ನು ಒಮ್ಮೆ ನಾನು ಹತ್ತಿರದಿಂದ ನೋಡಿದ್ದೇನೆ: ಹುಣಸೆಬೀಜವನ್ನು ಅರೆದು ಕಾಯಿಸಿದ ಗಂಜಿಯನ್ನು ಹಾಸಿನ ಎಳೆಗೆ ಬಳಿದು, ಬೀದಿಯುದ್ದಕ್ಕೆ ಬಿಸಿಲಿಗೆ ಹಿಡಿದೆಳೆದಿದ್ದರು. ಗಂಜಿಯ ಹುಳಿವಾಸನೆಗೆ ನೊಣ ಮುತ್ತುತ್ತಿದ್ದುವು. ಮುದುಕಿಯೊಬ್ಬಳು ಹೊಂಗೆಯ ಸೊಪ್ಪಿನಿಂದ ಅವನ್ನು ಬೀಸುತ್ತ ಎಳೆ ಹರಿದಲ್ಲಿ ಉಗುಳು ಹಚ್ಚಿ ಗಂಟು ಹಾಕುತ್ತಿದ್ದಳು. ಆ ಎಳೆಯ ತುದಿಯನ್ನು ಹಿಡಿದು ಹಿಂದಕ್ಕೆ ನಡೆದರೆ ಕುರಿಗೂ, ಕುರಿಯಿಂದ ಕಾವಲಿಗೂ ಹೋಗಿ ಸೇರುತ್ತೇವೆ. ದೊರವಾಯನ ಹಕ್ಕಿ ಎಂದೂ ಎರೆಭೂತವೆಂದೂ ಕರೆಯುವ, ಈಗ ದೇಶದಲ್ಲಿಯೇ ಬೆರಳೆಣಿಕೆಗೆ ಇಳಿಯುತ್ತಿರುವ ದೊಡ್ಡ ಹಕ್ಕಿಗೂ, ಕೃಷ್ಣಮೃಗಕ್ಕೂ ಬೇಕಾದದ್ದು ಇಂಥ ಹುಲ್ಲುಬಯಲೇ ಹೊರತು ಕಾಡಲ್ಲ. ಮರವಿದ್ದರೆ ಕಾಡು, ಇಲ್ಲದಿದ್ದರೆ ಪಾಳು ಎಂಬ ಎಣಿಕೆಯು ನಮ್ಮ ಕಂದಾಯದ ಪುಸ್ತಕಗಳ ಹಳೆಯ ರೋಗ.

2010ರ ಆಸುಪಾಸಿನ ಕೆಲವೇ ವರ್ಷಗಳಲ್ಲಿ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ಕೈಬದಲಾಯಿತು. ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಓ. ಸಂಸ್ಥೆಗೆ 4,290 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಯುರೇನಿಯಂ ಸಂವರ್ಧನೆಯ ಸ್ಥಾವರಕ್ಕಾಗಿ 1,810 ಎಕರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೋ ಸಂಸ್ಥೆಗೆ 500 ಎಕರೆಗೂ ಮೇಲ್ಪಟ್ಟು. ಸೌರವಿದ್ಯುತ್ತಿನ ಒಂದು ಖಾಸಗಿ ಕಂಪೆನಿಗೆ 1,250 ಎಕರೆ. ಪತ್ರಿಕೆಗಳು ‘ವಿಜ್ಞಾನ ನಗರಿ’ ಎಂದು ಹೆಸರಿಟ್ಟುವು. ಇವುಗಳಲ್ಲಿ ಯಾವುದನ್ನೂ ನಾನು ಹಳಿಯಲಾರೆ. 2023ರ ಏಪ್ರಿಲ್ 2ರ ಮುಂಜಾನೆ ಇಸ್ರೋ ತನ್ನ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಾಗ, ಅದು ತನ್ನಷ್ಟಕ್ಕೆ ದಾರಿ ಹುಡುಕಿಕೊಂಡು ವಾಯುನೆಲೆಯ ಓಡುದಾರಿಯ ಮೇಲೆ ಬಂದಿಳಿದ ದೃಶ್ಯವನ್ನು ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬ. ಪುಷ್ಪಕವೆಂದು ಹೆಸರಾದ ಆ ವಾಹನವು ಇಳಿದದ್ದು ನಮ್ಮ ಚಳ್ಳಕೆರೆಯಲ್ಲಿ ಎಂಬ ಅಭಿಮಾನವೂ ಇದ್ದಿತು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹಳ್ಳಿಯ ಶಾಲೆಗಳ ಮೇಷ್ಟರುಗಳು ಬಂದು ಪ್ರಯೋಗ ಕಲಿತು ಹೋಗುತ್ತಾರೆ. ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ನನ್ನ ತಕರಾರು ಕಟ್ಟಿದ್ದರ ಮೇಲಲ್ಲ, ಕೇಳಿದ ಕ್ರಮದ ಮೇಲೆ. ಕಾವಲಿನ ಮಗ್ಗುಲ ಹಳ್ಳಿಗಳ ಜನಕ್ಕೆ ತಮ್ಮ ಹುಲ್ಲು ಬೇರೆಯವರದಾಯಿತೆಂಬ ವರ್ತಮಾನ ತಿಳಿದದ್ದು, ಬಹುಮಟ್ಟಿಗೆ, ಬೇಲಿಯ ಕಂಬಗಳಿಗೆ ಗುಣಿ ತೋಡುವ ಆಳುಗಳು ಬಂದಾಗ.

ಕಾನೂನು ಇರಲಿಲ್ಲವೆ? ಧಾರಾಳವಾಗಿದ್ದಿತು. 1964ರ ಕರ್ನಾಟಕ ಭೂಕಂದಾಯ ಶಾಸನವು ಗೋಮಾಳವನ್ನು ಬೇರೆಯಾಗಿ ತೆಗೆದಿಡುವ ಹೊಣೆಯನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿದೆ. 100 ದನಕ್ಕೆ 12 ಹೆಕ್ಟೇರ್ ಇರಬೇಕೆಂದು 1966ರ ನಿಯಮಾವಳಿ ಲೆಕ್ಕ ಕೊಟ್ಟಿದೆ. ಊರೊಟ್ಟಿನ ನೆಲವನ್ನು ಕಂಡಕಂಡವರಿಗೆ ಹಂಚುವುದನ್ನು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಕಟುವಾಗಿ ಖಂಡಿಸಿದೆ. ದೊಡ್ಡ ಯೋಜನೆಗಳಿಗೆ ಜನರ ಆಲಿಕೆಯಾಗಬೇಕು. 30 ದಿನ ಮೊದಲೇ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿಯೂ ಒಂದು ದೇಶಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಜನರ ಭಾಷೆಯಲ್ಲಿರಬೇಕು. ನಡೆದದ್ದನ್ನು ಸಭೆಯ ಕೊನೆಗೆ ಜನರ ಭಾಷೆಯಲ್ಲಿ ಓದಿಹೇಳಿ ಅಂದೇ ಸಹಿ ಹಾಕಬೇಕು. ಇಷ್ಟು ಚೆಂದದ ವಿಧಿಯನ್ನು ಬರೆದ ಲೇಖಣಿಯೇ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲನ್ನೂ ಬರೆದಿದೆ: ದೇಶದ ರಕ್ಷಣೆಗೆ ಸಂಬಂಧಿಸಿದ, ಅಥವಾ ಆಯಕಟ್ಟಿನ ಮಹತ್ತ್ವವುಳ್ಳದ್ದೆಂದು ಕೇಂದ್ರ ಸರ್ಕಾರವು ನಿರ್ಣಯಿಸಿದ ಯೋಜನೆಗಳಿಗೆ ಈ ಆಲಿಕೆ ಬೇಡ. ಆಯಕಟ್ಟು ಯಾವುದೆಂದು ನಿರ್ಣಯಿಸುವವರು ಯಾರು? ಕಟ್ಟಬಯಸುವವರೇ. ದ್ರವಾನಿಲದ ಸಂಸ್ಥೆಯಲ್ಲಿ ಇಲಾಖೆಯ ಕಾರ್ಯದರ್ಶಿಯೇ ಅಧ್ಯಕ್ಷರಾದದ್ದನ್ನು ನೆನಪಿಡಿರೆಂದು ಹೇಳಿದ್ದೆನಷ್ಟೆ. ಇಲ್ಲಿ ಆ ಕಥೆ ಇನ್ನೂ ಒಂದು ಹೆಜ್ಜೆ ಕೆಳಗಿಳಿದು ಜಿಲ್ಲೆಯ ಕಚೇರಿಗೇ ಬಂದಿದೆ. ಗೋಮಾಳವನ್ನು ಕಾಯಬೇಕಾದವರು ಜಿಲ್ಲಾಧಿಕಾರಿ. ಸರ್ಕಾರಿ ನೆಲವನ್ನು ಮಂಜೂರು ಮಾಡುವ ಆಜ್ಞೆ ಹೊರಡುವುದು ಆ ಕಚೇರಿಯಿಂದ. ಆಲಿಕೆ ನಡೆದರೆ ಅದರ ಅಧ್ಯಕ್ಷತೆಯೂ ಜಿಲ್ಲಾಧಿಕಾರಿಯದು ಅಥವಾ ಅವರ ಪರವಾಗಿ ಬಂದವರದು. ಆ ಕುರ್ಚಿಯಲ್ಲಿ ಸಾಕ್ಷಾತ್ ಹರಿಶ್ಚಂದ್ರನೇ ಬಂದು ಕುಳಿತರೂ ಬೆಳಿಗ್ಗೆ ಕೊಟ್ಟದ್ದನ್ನು ಮಧ್ಯಾಹ್ನ ಕಾದು ಸಂಜೆ ವಿಚಾರಿಸಬೇಕಾಗುತ್ತದೆ.

ಜನ ಸುಮ್ಮನಿರಲಿಲ್ಲ. ಅಮೃತಮಹಲ್ ಕಾವಲಿನ ಹಿತರಕ್ಷಣೆಗೆಂದು ಹಳ್ಳಿಗರು ಸಮಿತಿ ಕಟ್ಟಿದರು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಕಾಗದಪತ್ರಗಳನ್ನು ಶೋಧಿಸಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಅರ್ಜಿ ಹಾಕಿತು. ನ್ಯಾಯಮಂಡಳಿಯು ಇಬ್ಬರು ತಜ್ಞರನ್ನು ಸ್ಥಳಕ್ಕೆ ಕಳಿಸಿ ವರದಿ ತರಿಸಿಕೊಂಡಿತು. ಕೃಷ್ಣಮೃಗದ ಪರವಾಗಿಯೂ ಕಂಬಳಿಯ ಪರವಾಗಿಯೂ ಸರ್ಕಾರದ ಒಂದು ಅಂಗವು ಇನ್ನೊಂದು ಅಂಗವನ್ನು ಪ್ರಶ್ನೆ ಕೇಳಿತೆಂಬುದು ಸಣ್ಣ ಮಾತಲ್ಲ. 2014ರ ಆಗಸ್ಟ್ 27ರಂದು ತೀರ್ಪು ಬಂದಿತು: ಹಂಚಿಕೆ ರದ್ದಾಗಲಿಲ್ಲ, ಶಾಸನಪ್ರಕಾರ ಬೇಕಾದ ಪರಿಸರದ ಅನುಮತಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯನ್ನೂ ಪಡೆದೇ ಮುಂದುವರಿಯತಕ್ಕದ್ದೆಂದು ಷರತ್ತಾಯಿತು. ಅಷ್ಟು ಹೊತ್ತಿಗೆ ಗೋಡೆ ಎದ್ದಿತ್ತು. ಗೋಡೆ ಎದ್ದಮೇಲೆ ಕೇಳಿದ ಪ್ರಶ್ನೆಗೆ ಬರುವ ಉತ್ತರವು ಸಾಮಾನ್ಯವಾಗಿ ಷರತ್ತಿನ ರೂಪದಲ್ಲಿಯೇ ಇರುತ್ತದೆ. ಬೇಡ ಎನ್ನುವ ಪದವು ಬುನಾದಿಗಿಂತ ಮೊದಲು ಮಾತ್ರ ಸಲೀಸಾಗಿ ಬಾಯಿಂದ ಹೊರಡುತ್ತದೆ. ಡಿ.ಆರ್.ಡಿ.ಓ.ದ ವಾಯುಪರೀಕ್ಷಾ ನೆಲೆಯು 2017ರ ಮೇ 28ರಂದು ವಿಧಿವತ್ತಾಗಿ ಉದ್ಘಾಟನೆಯಾಯಿತು.

ಆ ಗೋಡೆಯ ಪಕ್ಕದ ದಾರಿಯಲ್ಲಿ ನಾನು ಒಂದು ಮಧ್ಯಾಹ್ನ ನಡೆದಿದ್ದೇನೆ. ಮೈಲುಗಟ್ಟಲೆ ಒಂದೇ ಸಮನೆ. ನೆರಳು ಒಂದು ಗೇಣು. ಆ ಗೇಣು ನೆರಳಿನಲ್ಲಿ ಕುರಿಗಳು ಒಂದರ ಹಿಂದೊಂದು ಗೋಡೆಗೆ ಮೈಯೊತ್ತಿಕೊಂಡು, ತಲೆಯನ್ನು ಮುಂದಿನದರ ಹೊಟ್ಟೆಯ ಕೆಳಗೆ ತೂರಿಸಿ ನಿಂತಿದ್ದುವು. ಉದ್ದಕ್ಕೆ ಮಸಿಯಿಂದ ಗೆರೆ ಎಳೆದಂತಿದ್ದಿತು. ಕಾಯುವ ಮುದುಕ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದ. “ಮೊದ್ಲು ಈ ಕಡೆಯಿಂದ ಆ ಕಡೀಕೆ ಅಡ್ಡ ಬಿದ್ದು ಮದ್ಯಾನದೊತ್ತಿಗೆ ಹಟ್ಟಿ ಸೇರ್ತಿದ್ವಿ ಸಾಮಿ. ಈಗ ಗ್ವಾಡೆ ಸುತ್ತಾಕ್ಕಂಡು ಹೋಗಾದ್ರಾಗೆ ಹೊತ್ತು ಮುಳುಗ್ತೈತೆ” ಎಂದ. ಸಿಟ್ಟಿನಿಂದ ಹೇಳಿದನೆನ್ನಲಾರೆ, ಮಳೆ ಬರಲಿಲ್ಲ ಎನ್ನುವ ಧ್ವನಿಯಲ್ಲಿ ಹೇಳಿದ. ಒಳಗೇನು ನಡೆಯುತ್ತದೆ ಎಂದು ಕೇಳಿದೆ. “ವಿಮಾನ ಹಾರುಸ್ತಾರಂತೆ, ಆಳಿಲ್ಲದ್ದು” ಎಂದು ನಕ್ಕ. ಆಳಿಲ್ಲದ ಆ ವಿಮಾನಗಳಲ್ಲಿ ಒಂದು 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿಯೂ, ಇನ್ನೊಂದು 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿಯೂ ಹೊಲಗಳ ನಡುವೆ ಬಿದ್ದುವು. ದೈವಕೃಪೆಯಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪರೀಕ್ಷೆಯೆಂದ ಮೇಲೆ ಬೀಳುವುದೂ ಉಂಟು, ಏಳುವುದೂ ಉಂಟು. ಹಾಗೆ ಬೀಳಬಹುದೆಂಬುದನ್ನು ಹೊಲದವನಿಗೆ ಮುಂಚಿತವಾಗಿ ಹೇಳಿದ್ದರೆ ಯುದ್ಧರಹಸ್ಯವೇನೂ ಬಯಲಾಗುತ್ತಿರಲಿಲ್ಲ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಕಟ್ಟಿದ ಮೇಲಿನ ಕಾವಲೂ ಹಗುರವಾದದ್ದಲ್ಲ. ಆಂಧ್ರದ ಗೋದಾವರಿ ಸೀಮೆಯ ನಗರಂ ಎಂಬ ಹಳ್ಳಿಯಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಅನಿಲದ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನಂಶವುಳ್ಳ ಅನಿಲವನ್ನು ಹರಿಸಿದ್ದರಿಂದ ಅದು ಒಳಗೊಳಗೇ ತುಕ್ಕು ತಿಂದಿತ್ತು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಮನೆಮನೆಗೆ ಅನಿಲ ಒದಗಿಸುವ ಹಕ್ಕನ್ನು ನಿಯಂತ್ರಣ ಮಂಡಳಿಯು 2018ರ ಸುತ್ತಿನಲ್ಲಿ ಹರಾಜು ಹಾಕಿದೆ. ಕಡಲಿನ ದ್ರವಾನಿಲವು ನಾಳೆ ನಮ್ಮ ಅಡುಗೆಯ ಒಲೆಗೇ ಬರುವುದರಿಂದ ತುಕ್ಕಿನ ವಿಷಯವು ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ.

ಮೊಳಕಾಲ್ಮುರಿಗೆ ಜನ ಹೋಗುವುದು ಸಾಮಾನ್ಯವಾಗಿ ರೇಷ್ಮೆ ಸೀರೆಗಾಗಿ. ನಾನು ಹೋದದ್ದು ಕಲ್ಲಿಗಾಗಿ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದವು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ಚಕ್ರವರ್ತಿಯ ಮಾತನ್ನು ತಿಳಿಸುವ ಕ್ರಮ ಅದರಲ್ಲಿದೆ: ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಾಕ್ಯ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಹೊರಟ ಸುತ್ತೋಲೆಯು ಕಡತದಲ್ಲಿ ಮಲಗದೆ ಬಂಡೆಯ ಮೇಲೆ ಬಯಲಿನಲ್ಲಿ ನಿಂತಿರುವುದು, 2,200 ವರ್ಷಕ್ಕೂ ಹಿಂದಿನ ಆಡಳಿತದ ಮೇಲೆ ನನಗೆ ಗೌರವ ಹುಟ್ಟಿಸಿತು. ರದ್ದಿಯವನು ಇದನ್ನು ಕೇಜಿ ಲೆಕ್ಕದಲ್ಲಿ ಕೊಳ್ಳಲಾರ.

ಕೆಳಗೆ ಕುರಿ ಬಿಟ್ಟುಕೊಂಡಿದ್ದ ನಡುವಯಸ್ಸಿನವನೊಬ್ಬ, ನಾನು ಕಲ್ಲಿಗೆ ಮೂಗು ತಾಗಿಸಿಕೊಂಡು ನಿಂತದ್ದನ್ನು ಬಹಳ ಹೊತ್ತು ನೋಡಿ, ಮೇಲೇರಿ ಬಂದ.

“ಏನ್ ಬರ್ದೈತೆ ಸಾಮಿ?”

ಹೇಳಿದೆ. ಪ್ರಾಣಿಗಳ ಮಾತು ಬಂದಾಗ ಒಮ್ಮೆ ತನ್ನ ಕುರಿಗಳ ಕಡೆ ತಿರುಗಿ ನೋಡಿದ.

“ಯಾವ ಭಾಷೆ ಇದು? ನಮ್ದಾ?”

“ಅಲ್ಲಪ್ಪ, ಪ್ರಾಕೃತ. ಆಗ ಪಾಟಲಿಪುತ್ರದ ಕಡೆ ನಡೆಯುತ್ತಿದ್ದ ಭಾಷೆ.”

“ಬರ್ದೋನು?”

ಬರೆದವನ ಹೆಸರು ಚಪಡ. ತನ್ನ ಹೆಸರನ್ನು ಆತ ಶಾಸನದ ಕೊನೆಗೆ ಬ್ರಾಹ್ಮಿಯಲ್ಲಿಯೇ ಕೆತ್ತಿದ್ದಾನೆ. ಆದರೆ ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ದೂರದ ಗಾಂಧಾರದ ಕಡೆಯಲ್ಲಷ್ಟೇ ಬಳಕೆಯಲ್ಲಿದ್ದ ಲಿಪಿಯಲ್ಲಿ ಬರೆದಿದ್ದಾನೆ. ಇಸಿಲದಲ್ಲಿ ಅದನ್ನು ಓದಬಲ್ಲವರು ಯಾರಿದ್ದರೋ! ಇದನ್ನೆಲ್ಲ ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಆತ ಕೇಳಿಸಿಕೊಂಡು, ಬಂಡೆಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿದ.

“ಹಂಗಾರೆ ಸರ್ಕಾರದ ಕಾಗ್ದ ಆಗ್ಲೂ ಹಿಂಗೇ ಇತ್ತು ಅನ್ರಿ” ಎಂದ. ಅಷ್ಟರಲ್ಲಿ ಎರಡು ಕುರಿ ಯಾರದೋ ಶೇಂಗಾ ಹೊಲದ ಕಡೆಗೆ ಹೊರಳಿದ್ದುವು. ಆತ ನಾಲಗೆಯನ್ನು ಅಂಗುಳಿಗೆ ಬಡಿದು ಸದ್ದು ಮಾಡುತ್ತ, ಕೋಲು ಬೀಸಿಕೊಂಡು ಬಂಡೆಯಿಂದ ಕೆಳಕ್ಕೆ ಓಡಿದ.